ಹರಿಹರದ ಬಿಸಿಲುಗೋಡೆ

ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಪಾರ್ಕಿದೆ. ಅದರ ನಕ್ಷೆ ಹಾಕಿದವಳು ನಾನು. ಒಂದು ಸಲವಲ್ಲ, ಎರಡು ಸಲ. ಮೊದಲ ಸಲ ಹಾಕಿದ್ದನ್ನು ಜನ ಎಂಟು ತಿಂಗಳು ಹೊಗಳಿದರು, ಆಮೇಲೆ ಒಬ್ಬರೂ ಅಲ್ಲಿ ಕೂರಲಿಲ್ಲ. ಎರಡನೆಯ ಸಲ ಹಾಕಿದ್ದರ ಬಗ್ಗೆ ನನಗೆ ಇವತ್ತಿಗೂ ಇರುವಷ್ಟು ಹೆಮ್ಮೆ, ಆಮೇಲೆ ಕಟ್ಟಿಸಿದ ದೊಡ್ಡ ಕಟ್ಟಡಗಳ ಬಗ್ಗೆಯೂ ಇಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸಿವಿಲ್ ಡಿಪ್ಲೊಮಾ ಮುಗಿಸಿದ ನಾನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ, ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಇಂಜಿನಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಅಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. ಗಿರಣಿ ಮುಚ್ಚಿದ ಮೇಲೆ ಮನೆಯಲ್ಲೇ ಇದ್ದರು. ಆಫೀಸಿನಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಆಫೀಸಿನ ಒಡೆಯರನ್ನು ನಾವೆಲ್ಲ ಸಾಹೇಬರು ಅನ್ನುತ್ತಿದ್ದೆವು. ಒಳ್ಳೆಯ ಮನುಷ್ಯರು, ಆದರೆ ಅವಸರದವರು. ನಿಜಲಿಂಗಪ್ಪ ಬಡಾವಣೆಯಲ್ಲಿ ಆಗ ಸಾಲುಸಾಲಾಗಿ ಮನೆಗಳು ಏಳುತ್ತಿದ್ದವು. ಆಗ್ನೇಯಕ್ಕೆ ಅಡಿಗೆಮನೆ, ಈಶಾನ್ಯಕ್ಕೆ ಬೋರ್‌ವೆಲ್, ಮುಂದೊಂದು ಪೋರ್ಟಿಕೊ. ಅವೇ ಗೆರೆಗಳನ್ನು ಎಳೆದೆಳೆದು ನನ್ನ ಕೈಗೆ ಬೇಸರ ಬಂದಿತ್ತು. ಅಂಥ ಹೊತ್ತಿನಲ್ಲಿ ಹರಿಹರದ ವರ್ತಕರು ಕೆಲವರು ಕೂಡಿಕೊಂಡು, ಖಾಲಿ ಬಿದ್ದಿದ್ದ ಜಾಗವೊಂದರಲ್ಲಿ ಪಾರ್ಕ್ ಮಾಡಿಸಬೇಕು ಅಂತ ಬಂದರು. ಸಾಹೇಬರು ನನ್ನ ಟೇಬಲ್ಲಿನ ಮೇಲೆ ಅಳತೆ ಚೀಟಿ ಇಟ್ಟು, "ಇದನ್ನ ನೀನೇ ನೋಡಮ್ಮ, ಸಣ್ಣ ಕೆಲಸ" ಅಂದರು.

ನನಗೆ ಅದು ಸಣ್ಣದಾಗಿ ಕಾಣಲಿಲ್ಲ. ಜಾಗದ ದಕ್ಷಿಣಕ್ಕೆ ನಾಲ್ಕು ದೊಡ್ಡ ಮಳೆಮರಗಳಿದ್ದವು. ಉತ್ತರಕ್ಕೆ ಹೊಳೆಯ ಕಡೆ ಬಯಲು. ನಾನು ಹುಟ್ಟಿ ಬೆಳೆದ ಊರಿನಲ್ಲಿ ಮಾರ್ಚ್ ಬಂತೆಂದರೆ ಡಾಂಬರು ಚಪ್ಪಲಿಗೆ ಅಂಟುತ್ತದೆ, ಮಧ್ಯಾಹ್ನ ನಾಯಿಗಳೂ ಬೀದಿ ಬಿಡುತ್ತವೆ. ಹಾಗಾಗಿ ಹೊರಗೆ ಕೂರುವ ಜಾಗ ಅಂದರೆ ನೆರಳಿರಬೇಕು, ಗಾಳಿ ಆಡಬೇಕು, ಇಷ್ಟೇ ನನಗೆ ಗೊತ್ತಿದ್ದದ್ದು. ಮರಗಳ ಕೆಳಗೆ ಬೆಂಚುಗಳನ್ನು ಸಾಲಾಗಿ ಇಟ್ಟೆ. ಎಲ್ಲಕ್ಕೂ ಉತ್ತರದ ಮುಖ, ಹೊಳೆಯ ಗಾಳಿ ನೇರ ಮೈಗೆ ತಾಗಲಿ ಅಂತ. ಕೂರಲು ನುಣ್ಣಗೆ ಪಾಲಿಶ್ ಮಾಡಿದ ಗ್ರಾನೈಟ್. ಉತ್ತರದ ಕಡೆ ಗೋಡೆ ಬೇಡ, ಮೊಣಕಾಲೆತ್ತರದ ಕಟ್ಟೆ ಸಾಕು ಅಂದೆ. ಗೇಟು ಆಗ್ನೇಯ ಮೂಲೆಗೆ ಬಂತು, ಅಲ್ಲಿ ರಸ್ತೆ ಇತ್ತು. ಅದಕ್ಕೆದುರಾಗಿ ವಾಯವ್ಯದ ಮೂಲೆ ಉಳಿಯಿತು. ಅಲ್ಲಿ ತರಗೆಲೆ ರಾಶಿ ಹಾಕಲಿ, ಪೈಪು, ಗುದ್ದಲಿ ಇಟ್ಟುಕೊಳ್ಳಲಿ ಅಂತ ಬಿಟ್ಟೆ.

ಏಪ್ರಿಲ್‌ನಲ್ಲಿ ಪಾರ್ಕ್ ತೆರೆಯಿತು. ಬೇಸಿಗೆ ಪೂರ್ತಿ ಬೆಂಚು ಖಾಲಿ ಇರಲಿಲ್ಲ. ವರ್ತಕರಲ್ಲಿ ಹಿರಿಯರೊಬ್ಬರು ಸಾಹೇಬರಿಗೆ ಫೋನ್ ಮಾಡಿ, "ಏರ್ ಕಂಡೀಷನ್ ಹಾಕಿದಂಗೆ ಐತೆ ನೋಡ್ರಿ" ಅಂದರಂತೆ. ನಾನು ಮನೆಯಲ್ಲಿ ಅದನ್ನು ಎಷ್ಟು ಸಲ ಹೇಳಿದೆನೆಂದರೆ ಅಮ್ಮನಿಗೆ ಬಾಯಿಪಾಠವಾಯಿತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಒಬ್ಬರು ಮುದುಕರು ಬಂದರು. ತಲೆಗೆ ಮಂಕಿ ಕ್ಯಾಪು, ಕುತ್ತಿಗೆಗೆ ಮಫ್ಲರು, ಮೊಣಕೈ ಹತ್ತಿರ ಹೆಂಡತಿಯೋ ಮಗಳೋ ಬೇರೆ ಬಣ್ಣದ ಉಲ್ಲನ್ನಿನಿಂದ ಹೆಣೆದು ಸರಿಮಾಡಿದ ಸ್ವೆಟರು. ಹರಿಹರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸಿ ನಿವೃತ್ತರಾದವರು. ಕಂಕುಳಲ್ಲಿ ಸುತ್ತಿಟ್ಟುಕೊಂಡಿದ್ದ ಗೋಡೆ ಕ್ಯಾಲೆಂಡರನ್ನು ತೆಗೆದು ಸಾಹೇಬರ ಮೇಜಿನ ಮೇಲೆ ಬಿಡಿಸಿದರು. ಡಿಸೆಂಬರ್ ಪುಟ. ಅಲ್ಲಿಯವರೆಗಿನ ಪ್ರತಿ ತಾರೀಖಿನ ಮನೆಯಲ್ಲೂ ಕೆಂಪು ಪೆನ್ನಿನಲ್ಲಿ ಒಂದೊಂದು ಸೊನ್ನೆ.

"ಏನ್ರಿ ಇದು?" ಅಂದರು ಸಾಹೇಬರು.

"ನಿಮ್ಮ ಪಾರ್ಕಿನ್ಯಾಗ ಬೆಳಿಗ್ಗೆ ಕೂತೋರ ಲೆಕ್ಕ" ಅಂದರು ಮುದುಕರು. "ನಾ ದಿನಾ ಅದರ ಮುಂದೇ ವಾಕಿಂಗ್ ಹೋಗ್ತೀನ್ರಿ. ನಾವು ವಯಸ್ಸಾದೋರು, ಬೆಳಿಗ್ಗೆ ಮನ್ಯಾಗ ಎಲ್ಲರಿಗೂ ಅವಸರ, ಹೊರಗ ಬಂದು ನಾಲ್ಕು ಮಾತಾಡಾಕ ಒಂದು ಜಾಗ ಬೇಕು. ಪಾರ್ಕ್ ಅಂತೂ ಐತೆ. ಆದ್ರ ಅದು ಬ್ಯಾಸಿಗೆಗೆ ಮಾಡಿದ್ದು. ಚಳಿಗಾಲದಾಗ ನಾವು ಎಲ್ಲಿಗೆ ಹೋಗ್ಬೇಕ್ರಿ?"

ಸಾಹೇಬರು ನನ್ನ ಕಡೆ ನೋಡಿದರು. ಮುದುಕರೂ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಲೇತಿನ ಮೇಲೆ ಅಳತೆ ತಪ್ಪಿದ ಸಾಮಾನನ್ನು ಹೊಸಬನಿಗೆ ತೋರಿಸುವ ಹಾಗೆ ಅವರು ಕ್ಯಾಲೆಂಡರನ್ನು ನನ್ನ ಕಡೆ ತಿರುಗಿಸಿದರು.

ನಮ್ಮ ಕಡೆಯ ಚಳಿ ಹಿಮ ಬೀಳುವ ಚಳಿಯಲ್ಲ. ಮಧ್ಯಾಹ್ನಕ್ಕೆ ಮತ್ತೆ ಬೆವರು ಬರುತ್ತದೆ. ಅದಕ್ಕೇ ಅದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ನಮ್ಮ ಮನೆಗಳಲ್ಲಿ ಮೈ ಕಾಯಿಸಿಕೊಳ್ಳುವ ಬೆಂಕಿಗೂಡಿಲ್ಲ, ದಪ್ಪ ಕಂಬಳಿಯೂ ಎಲ್ಲರ ಹತ್ತಿರ ಇಲ್ಲ. ಬಿಸಿಲಿಗೆ ಒಗ್ಗಿದ ಮೈಗೆ ಆ ಎರಡೂವರೆ ತಿಂಗಳು, ಅದರಲ್ಲೂ ಹೊಳೆ ಹತ್ತಿರ, ಅರವತ್ತು ದಾಟಿದವರಿಗೆ, ಸಾಕುಸಾಕಾಗುತ್ತದೆ.

ಮರುದಿನ ಮೊದಲ ಬಸ್ಸಿಗೆ ಹರಿಹರಕ್ಕೆ ಹೋದೆ. ಇಳಿದಾಗ ಇನ್ನೂ ಮಂಜು ಇತ್ತು. ಪಾರ್ಕಿಗೆ ಹೋಗಿ ನನ್ನದೇ ಬೆಂಚಿನ ಮೇಲೆ ಕೂತೆ. ಗ್ರಾನೈಟಿನ ಥಂಡಿ ಸೀರೆ, ಲಂಗ ಎಲ್ಲ ದಾಟಿ ಮೂಳೆಗೆ ಹೋಯಿತು. ಉತ್ತರದಿಂದ, ಹೊಳೆಯ ಮೇಲಿಂದ ಗಾಳಿ ಬಂದು ಮುಖಕ್ಕೆ ಹೊಡೆಯುತ್ತಿತ್ತು, ನಾನು ಬರೆದಿದ್ದ ಹಾಗೇ, ಒಂದಿಂಚೂ ತಪ್ಪದೆ. ಸೂರ್ಯ ಹುಟ್ಟಿದ ಮೇಲೂ ಮಳೆಮರಗಳ ಕೆಳಗೆ ಕತ್ತಲೆ ಕತ್ತಲೆಯಾಗಿತ್ತು. ಹತ್ತು ನಿಮಿಷ ಕೂರಲಾಗಲಿಲ್ಲ.

ಗೇಟಿನಿಂದ ಹೊರಗೆ ನೋಡಿದೆ. ರಸ್ತೆಯಾಚೆ ಹಳೆಯ ಗೋದಾಮಿನ ಪಕ್ಕದ ಉದ್ದನೆಯ ಗೋಡೆ, ದಕ್ಷಿಣಕ್ಕೆ ಮುಖ. ಅದಕ್ಕೆ ಬೆನ್ನು ಕೊಟ್ಟು ಹದಿನೈದಿಪ್ಪತ್ತು ಜನ ಬಿಸಿಲಿಗೆ ಮುಖ ಮಾಡಿ ನಿಂತಿದ್ದರು. ಕಾರ್ಖಾನೆ ಬಸ್ಸಿಗೆ ಕಾಯುವವರು, ಸೊಪ್ಪಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ನಿವೃತ್ತರು. ಅವರ ಕಾಲ ಹತ್ತಿರ ಚರಂಡಿ ಹರಿಯುತ್ತಿತ್ತು. ಲಾರಿ ಹೋದರೆ ಧೂಳು ಮೈಮೇಲೆ. ಆದರೂ ಅಲ್ಲೇ ನಿಂತಿದ್ದರು, ನಗುತ್ತಿದ್ದರು. ನನ್ನ ಪಾರ್ಕು ಇಪ್ಪತ್ತು ಹೆಜ್ಜೆ ದೂರದಲ್ಲಿ ಖಾಲಿ ಬಿದ್ದಿತ್ತು. ಲೇತಿನ ಅಜ್ಜ ಆ ಸಾಲಿನಲ್ಲೇ ಇದ್ದರು. ನನ್ನನ್ನು ನೋಡಿ ಕೈ ಎತ್ತಿ, "ಬರ್ರಿ, ಇಲ್ಲಿ ನಿಂದರ್ರಿ, ಬೆಚ್ಚಗೈತೆ" ಅಂದರು. ಹೋಗಿ ನಿಂತೆ. ಬೆಚ್ಚಗಿತ್ತು.

ಆಫೀಸಿಗೆ ಬಂದು ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಎರಡು ತಿಂಗಳ ಚಳಿಗೆ ಯಾರು ಡಿಸೈನ್ ಮಾಡ್ತಾರಮ್ಮ? ಫೆಬ್ರವರಿ ಬಂದ್ರೆ ಎಲ್ಲಾ ಮರೀತಾರೆ" ಅಂದರು.

"ನಾ ಮರೆಯಲ್ಲ ಸರ್" ಅಂದೆ.

ಅದೇ ವಾರ ದಾವಣಗೆರೆಯ ಅಂಚಿನ ಕರೂರು ಕೈಗಾರಿಕಾ ಪ್ರದೇಶದಲ್ಲಿ ಒಂದು ಐಸ್ ಫ್ಯಾಕ್ಟರಿಗೆ ಹೊಸ ಶೆಡ್ಡಿನ ಅಳತೆ ತೆಗೆಯಲು ನನ್ನನ್ನು ಕಳಿಸಿದರು. ಒಳಗೆ ಉಪ್ಪುನೀರಿನ ದೊಡ್ಡ ತೊಟ್ಟಿ, ಅದರಲ್ಲಿ ತಗಡಿನ ಡಬ್ಬಗಳು, ಡಬ್ಬದಿಂದ ಕಳಚಿಬರುವ ಆಳೆತ್ತರದ ಐಸಿನ ದಿಮ್ಮಿಗಳು. ಅವನ್ನು ಎತ್ತಿ ತಣ್ಣನೆಯ ಕೋಣೆಯಲ್ಲಿ ಜೋಡಿಸುವವರು ನಾಲ್ಕೈದು ಜನ. ಟೇಪು ಹಿಡಿದು ಹೊರಗೆ ಓಡಾಡುತ್ತಿದ್ದಾಗ ಒಂದು ವಿಷಯ ನೋಡಿದೆ. ಅವರು ಗಂಟೆಗೊಮ್ಮೆ ಹೊರಗೆ ಬಂದು ಮೈ ಕಾಯಿಸಿಕೊಳ್ಳುತ್ತಿದ್ದರು. ಅಂಗಳ ಅಷ್ಟು ದೊಡ್ಡದಿದ್ದರೂ ಎಲ್ಲರೂ ಒಂದೇ ಮೂಲೆಗೆ ಹೋಗುತ್ತಿದ್ದರು. ಎರಡು ಗೋಡೆ ಕೂಡುವ ಮೂಲೆ, ಬಿಸಿಲು ನೇರ ಬೀಳುವುದು ಅಲ್ಲಿಗೆ. ಪಕ್ಕದಲ್ಲೇ ಒಳ್ಳೆಯ ಕಲ್ಲಿನ ಕಟ್ಟೆ ಇತ್ತು, ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಹಳೆಯ ಹಲಗೆಯೊಂದನ್ನು ಇಟ್ಟಿಗೆಗಳ ಮೇಲಿಟ್ಟುಕೊಂಡು ಅದರ ಮೇಲೆ ಕೂರುತ್ತಿದ್ದರು.

ಅವರಲ್ಲಿ ಹಿರಿಯ ಕೆಲಸಗಾರನಿಗೆ ಐವತ್ತೈದರ ಹತ್ತಿರ ವಯಸ್ಸಿರಬಹುದು. ಅಂಗೈ ಚರ್ಮ ತೊಗಲಿನ ಚೀಲದ ಹಾಗೆ ಗಟ್ಟಿಯಾಗಿತ್ತು. "ಆ ಕಟ್ಟೆ ಮ್ಯಾಲೆ ಯಾಕ ಕೂರಲ್ಲ ನೀವು?" ಅಂತ ಕೇಳಿದೆ.

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ, ನಾನು ತಮಾಷೆ ಮಾಡುತ್ತಿದ್ದೀನೇನೋ ಅಂತ. ಆಮೇಲೆ ನಿಧಾನವಾಗಿ ಹೇಳಿದ. "ಕಲ್ಲು ಮೈಯಾಗಿನ ಶಾಖ ಕುಡೀತೈತ್ರಿ ಅಕ್ಕಾರೆ. ನಾವು ಅದನ್ನ ಬಿಸಿ ಮಾಡ್ತಾ ಕೂರಬೇಕು. ಕಟಿಗಿ ಹಂಗಲ್ಲ, ನಮ್ಮ ಶಾಖ ನಮಗೇ ಬಿಡ್ತೈತೆ. ಕೂರಾಕ ಕಟಿಗಿ ಬೇಕು, ಬೆನ್ನಿಗೆ ಬಿಸಿಲುಂಡ ಕಲ್ಲು ಬೇಕು. ಅದಕ್ಕ ಈ ಮೂಲಿ."

"ಬಿಸಿಲು ಆ ಕಡೆ ಗೇಟಿನ ಹತ್ರಾನೂ ಐತಲ್ಲ?"

"ಅಲ್ಲಿ ಗಾಳಿ ಐತ್ರಿ. ಗಾಳಿ ಇದ್ರ ಬಿಸಿಲು ಇದ್ದೂ ಸುಳ್ಳು." ಸ್ವಲ್ಪ ಸರಿದು ಹಲಗೆಯ ಮೇಲೆ ಜಾಗ ಮಾಡಿಕೊಟ್ಟ. "ಕೂಡ್ರಿ, ನಿಮಗೇ ತಿಳೀತೈತೆ."

ಕೂತೆ. ಬಹಳ ಹೊತ್ತು ಕೂತೆ. ಹೊಸ ಶೆಡ್ಡಿನ ಅಳತೆಯ ಜೊತೆಗೆ ಆ ಮೂಲೆಯ ಅಳತೆಯನ್ನೂ ಬರೆದುಕೊಂಡೆ: ಗೋಡೆಯ ಎತ್ತರ, ಹಲಗೆ ಗೋಡೆಯಿಂದ ಎಷ್ಟು ದೂರ, ನೆರಳು ಎಲ್ಲಿಗೆ ನಿಲ್ಲುತ್ತದೆ. ಡಿಪ್ಲೊಮಾದಲ್ಲಿ ಮೂರು ವರ್ಷ ಕಲಿತದ್ದರಲ್ಲಿ ಇದೊಂದೂ ಇರಲಿಲ್ಲ. ದಿನವಿಡೀ ಚಳಿಯಲ್ಲಿ ದುಡಿಯುವ ಈತನಿಗೆ ಅದು ಮೈಯಿಂದಲೇ ಗೊತ್ತಿತ್ತು.

ಜನವರಿಯ ಭಾನುವಾರಗಳನ್ನೆಲ್ಲ ಹರಿಹರದಲ್ಲಿ ಕಳೆದೆ. ಒಂದು ಡಬ್ಬಿಯಲ್ಲಿ ಸುಣ್ಣದ ಪುಡಿ ತೆಗೆದುಕೊಂಡು ಹೋಗಿ, ಏಳು ಗಂಟೆಗೆ ಬಿಸಿಲು ಬಿದ್ದ ಕಡೆ ಒಂದು ಗೆರೆ, ಎಂಟಕ್ಕೆ ಒಂದು, ಒಂಬತ್ತಕ್ಕೆ ಒಂದು ಎಳೆಯುತ್ತಿದ್ದೆ. ಲೇತಿನ ಅಜ್ಜ ಜೊತೆಗೆ ಬರುತ್ತಿದ್ದರು. ಗಡಿಯಾರ ಅವರದು, ಸುಣ್ಣ ನನ್ನದು. ಮೂರು ವಾರ ಗೆರೆ ಎಳೆದ ಮೇಲೆ ತಿಳಿಯಿತು: ಚಳಿಗಾಲದ ಸೂರ್ಯ ಆಗ್ನೇಯದ ಗೇಟಿನ ಕಡೆಯಿಂದ ಓರೆಯಾಗಿ ಒಳಗೆ ಬಂದು ಮೊದಲು ಮುಟ್ಟುವುದು ವಾಯವ್ಯದ ಮೂಲೆಯನ್ನು. ಮಧ್ಯಾಹ್ನ ಕಳೆದರೂ ಅಲ್ಲಿಂದ ಕದಲುವುದಿಲ್ಲ. ಇಡೀ ಪಾರ್ಕಿನಲ್ಲಿ ಅತಿ ಬೆಚ್ಚಗಿನ ಜಾಗವನ್ನು ನಾನು ತರಗೆಲೆಗೆ ಬಿಟ್ಟುಕೊಟ್ಟಿದ್ದೆ.

"ನಿಮ್ಮ ಎಲಿಗಳು ಬೆಚ್ಚಗ ಅದಾವು ಬಿಡ್ರಿ" ಅಂದರು ಅಜ್ಜ. ನನಗೆ ನಗು ಬಂತು. ಆ ತಿಂಗಳಲ್ಲಿ ಮೊದಲ ಸಲ.

ಬಿಸಿಲು ಸಿಕ್ಕಿತು, ಉಳಿದದ್ದು ಗಾಳಿ. ವಾಯವ್ಯದ ಮೂಲೆ ಹೊಳೆಯ ಕಡೆಗೆ ತೆರೆದಿತ್ತು. ಗೋಡೆ ಕಟ್ಟಿದರೆ ಮುಗಿಯಿತು ಅಂದುಕೊಂಡೆ. ಕಟ್ಟುವ ಮೊದಲು ಪರೀಕ್ಷೆ ಮಾಡೋಣ ಅಂತ ಅಜ್ಜನೇ ಹೇಳಿದರು. ಲೇತಿನವರು ಕಬ್ಬಿಣ ಕೊಯ್ಯುವ ಮೊದಲು ಮರದಲ್ಲಿ ಮಾಡಿ ನೋಡುತ್ತಾರಂತೆ. ಬಿದಿರು ನೆಟ್ಟು, ಗೋಣಿತಾಟು ಬಿಗಿದು, ಎರಡು ಕಡೆ ತಾತ್ಕಾಲಿಕ ಗೋಡೆ ಮಾಡಿದೆವು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ನಾನು ಒಂದು ಕಟ್ಟು ಊದುಬತ್ತಿ ತಂದಿದ್ದೆ. ಅಜ್ಜ ಒಂದು ಹಿಡಿ ಹಚ್ಚಿಕೊಂಡು ಗೋಡೆಯ ಹಿಂದೆ ಹೆಜ್ಜೆ ಹೆಜ್ಜೆಗೂ ನಿಲ್ಲುವುದು, ನಾನು ಹೊಗೆ ಯಾವ ಕಡೆ ಬಾಗುತ್ತದೆ ಅಂತ ಬರೆದುಕೊಳ್ಳುವುದು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ಚಪ್ಪಲಿ ಬಿಟ್ಟು ಒಳಗೆ ಬಂದು ಕೈಮುಗಿದು, "ಯಾವ ದೇವರ ಪೂಜೆರಿ?" ಅಂತ ಕೇಳಿದಳು. "ಸೂರ್ಯದೇವರದು ತಾಯಿ" ಅಂದರು ಅಜ್ಜ, ಮುಖ ಗಂಭೀರವಾಗಿಟ್ಟುಕೊಂಡು.

ಆ ಹೊಗೆ ಒಂದು ದೊಡ್ಡ ತಪ್ಪು ತಪ್ಪಿಸಿತು. ಗೋಣಿತಾಟಿನ ಗೋಡೆಗೆ ಬಡಿದ ಗಾಳಿ ಸುಮ್ಮನೆ ನಿಲ್ಲುತ್ತಿರಲಿಲ್ಲ. ಮೇಲೆ ಹತ್ತಿ ದಾಟಿ, ಈ ಕಡೆ ಕೂತವರ ತಲೆಯ ಮೇಲೇ ಸುಳಿಸುತ್ತಿ ಇಳಿಯುತ್ತಿತ್ತು. ಊದುಬತ್ತಿಯ ಹೊಗೆ ಸುರುಳಿ ಸುರುಳಿಯಾಗಿ ಅಜ್ಜನ ಮೂಗಿಗೇ ಬಂದು ಅವರು ಕೆಮ್ಮಿದರು. ಮೇಲಿನ ಭಾಗದ ಗೋಣಿಯನ್ನು ಕತ್ತರಿಯಿಂದ ಅಲ್ಲಲ್ಲಿ ತೂತು ಮಾಡಿದೆ. ಹೊಗೆ ನೆಟ್ಟಗೆ ಏರಿತು. ಗಾಳಿಯನ್ನು ಪೂರ್ತಿ ತಡೆಯುವುದಲ್ಲ, ಸೋಸಿ ಬಿಡಬೇಕು. ಕೆಳಗೆ ಗಟ್ಟಿ ಕಲ್ಲು, ತಲೆಯೆತ್ತರದಿಂದ ಮೇಲೆ ಕಿಂಡಿ ಕಿಂಡಿಯಾದ ಜಾಲಿ. ಅಲ್ಲೇ ನಿಂತು ನೋಟ್ ಬುಕ್ಕಿನಲ್ಲಿ ಗೆರೆ ಹಾಕಿದೆ.

ಆ ನಕ್ಷೆಯನ್ನು ತೆಗೆದುಕೊಂಡು ನನಗೆ ಪಾಠ ಹೇಳಿದ ಒಬ್ಬ ಲೆಕ್ಚರರ ಮನೆಗೆ ಹೋದೆ. ಅವರು ಬಹಳ ಹೊತ್ತು ನೋಡಿ, ಒಳಗೆ ಹೋಗಿ ಹಳೆಯ ವಿದೇಶಿ ಪತ್ರಿಕೆಯೊಂದನ್ನು ಹುಡುಕಿ ತಂದರು. ವರ್ಷದಲ್ಲಿ ಅರ್ಧಕ್ಕರ್ಧ ಹಿಮ ಬೀಳುವ ದೇಶಗಳಲ್ಲಿ ಊರ ಚೌಕಗಳನ್ನು ಹೇಗೆ ಕಟ್ಟುತ್ತಾರೆ ಅನ್ನುವ ಲೇಖನ ಅದರಲ್ಲಿತ್ತು. ಒಂದು ಫೋಟೋದಲ್ಲಿ ಸುತ್ತ ಬೆಳ್ಳಗೆ ಹಿಮ, ನಡುವೆ ಒಂದು ಗೋಡೆ, ಗೋಡೆಗೆ ಬೆನ್ನು ಕೊಟ್ಟು ಮರದ ಬೆಂಚಿನ ಮೇಲೆ ದಪ್ಪ ಕೋಟು ಹಾಕಿದ ಮುದುಕರ ಸಾಲು, ಎಲ್ಲರ ಮುಖವೂ ಬಿಸಿಲಿಗೆ. ಗೋಡೆಯ ಮೇಲುಭಾಗದಲ್ಲಿ ಕಿಂಡಿಗಳು. ಲೆಕ್ಚರರು ನನ್ನ ನಕ್ಷೆಯನ್ನು ಆ ಫೋಟೋದ ಪಕ್ಕ ಇಟ್ಟರು.

"ಇದನ್ನ ಮೊದಲೇ ನೋಡಿದ್ಯೇನಮ್ಮ?" ಅಂತ ಕೇಳಿದರು.

"ಇಲ್ಲ ಸರ್."

"ಮತ್ತೆ ಹೆಂಗೆ ಬಂತು?"

ಕರೂರಿನ ಐಸ್ ಫ್ಯಾಕ್ಟರಿಯಲ್ಲಿ ಕಲಿತೆ ಅಂದೆ. ಅವರು ನಗಲಿಲ್ಲ. ಪತ್ರಿಕೆಯನ್ನು ನನಗೇ ಕೊಟ್ಟರು. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಮನೆಗೆ ಬಂದೆ. ನಾನು ನೋಡದ ದೇಶದ ಇಂಜಿನಿಯರುಗಳೂ, ನಮ್ಮೂರಿನ ಐಸ್ ಎತ್ತುವ ಮನುಷ್ಯನೂ ಒಂದೇ ಮಾತು ಹೇಳುತ್ತಿದ್ದರು. ಆ ಮಾತು ಈಗ ನನ್ನ ಕೈಯಲ್ಲಿತ್ತು.

ಇನ್ನು ವರ್ತಕರನ್ನು ಒಪ್ಪಿಸಬೇಕಿತ್ತು. ಸಾಮಾನ್ಯವಾಗಿ ಅವರ ಸಭೆ ಸಂಜೆ ಯಾವುದಾದರೂ ಅಂಗಡಿಯ ಗಾದಿಯ ಮೇಲೆ, ಚಹಾ ಕುಡಿಯುತ್ತ ನಡೆಯುತ್ತಿತ್ತು. ಅಲ್ಲಿ ಬೆಚ್ಚಗೆ ಕೂತವರಿಗೆ ಚಳಿಯ ಮಾತು ಹೇಳಿದರೆ ಕಿವಿಗೆ ಹೋಗುವುದಿಲ್ಲ ಅಂತ ನನಗೆ ಗೊತ್ತಿತ್ತು. "ಸಭೆ ಪಾರ್ಕಿನಲ್ಲೇ ಆಗಲಿ, ಬೆಳಿಗ್ಗೆ ಏಳಕ್ಕೆ" ಅಂತ ಸಾಹೇಬರಿಂದ ಹೇಳಿಸಿದೆ. ಸಾಹೇಬರು ಹುಬ್ಬೇರಿಸಿದರು, ಆದರೆ ಹೇಳಿದರು.

ಐದು ಜನ ಬಂದರು, ಬಿಳಿ ಪಂಚೆ, ತೆಳ್ಳನೆಯ ಶಾಲು. ಮಳೆಮರದ ಕೆಳಗೆ ಗ್ರಾನೈಟ್ ಬೆಂಚಿನ ಮೇಲೆ ಕೂರಿಸಿದೆವು. ನಾನು ನಕ್ಷೆ ಬಿಡಿಸಿ ನಿಧಾನವಾಗಿ, ಬಹಳ ನಿಧಾನವಾಗಿ ವಿವರಿಸತೊಡಗಿದೆ. ಮೊದಲು ಒಬ್ಬರು ಕೈ ಉಜ್ಜಿಕೊಂಡರು. ಇನ್ನೊಬ್ಬರು ಎದ್ದು ನಿಂತರು. ಏರ್ ಕಂಡೀಷನ್ ಅಂದಿದ್ದ ಹಿರಿಯರು ಶಾಲನ್ನು ತಲೆಗೆ ಸುತ್ತಿಕೊಂಡು, "ಅಮ್ಮಾ, ಬೇಗ ಮುಗಸವ್ವ" ಅಂದರು.

"ಉಳಿದದ್ದನ್ನ ಆ ಕಡೆ ಹೇಳ್ತೀನಿ, ಬರ್ರಿ" ಅಂತ ವಾಯವ್ಯದ ಮೂಲೆಗೆ ಕರೆದುಕೊಂಡು ಹೋದೆ. ಗೋಣಿತಾಟಿನ ಗೋಡೆ ಹಾಗೇ ಇತ್ತು. ಅಜ್ಜ ಎಲ್ಲಿಂದಲೋ ಎರಡು ಹಲಗೆ ತಂದು ಇಟ್ಟಿದ್ದರು. ಬಿಸಿಲು ಆಗತಾನೆ ಅಲ್ಲಿಗೆ ಬಂದಿತ್ತು. ಐವರೂ ಕೂತರು. ಒಬ್ಬರು ಕಾಲು ಚಾಚಿದರು. ನಾನು ನಕ್ಷೆ ಎತ್ತಿಕೊಂಡು ಮತ್ತೆ ಶುರು ಮಾಡುವಷ್ಟರಲ್ಲಿ ಹಿರಿಯರು ಕೈ ಅಡ್ಡ ಮಾಡಿದರು.

"ಹೇಳೋದು ಬ್ಯಾಡ. ತಿಳೀತು. ಕಟ್ಟಿಸ್ರಿ" ಅಂದರು. ಅಂದ ಮೇಲೂ ಅರ್ಧ ಗಂಟೆ ಎದ್ದು ಹೋಗಲಿಲ್ಲ.

ಸಭೆಗೆ ಸಾಹೇಬರೂ ಬಂದಿದ್ದರು. ವಾಪಸ್ ಬರುವಾಗ ಕಾರಿನಲ್ಲಿ, ದೊಡ್ಡ ರಸ್ತೆಗೆ ಬಂದ ಮೇಲೆ, "ನಲವತ್ತು ವರ್ಷ ಆಯ್ತು ನಾನು ಕ್ಲೈಂಟ್‌ಗಳನ್ನ ಒಪ್ಪಿಸ್ತಾ ಬಂದು. ಇದು ನನಗೆ ಹೊಳೆದಿರಲಿಲ್ಲ" ಅಂದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಮುಖ ತಿರುಗಿಸಿದ್ದರೆ ನನ್ನ ಖುಷಿ ಅವರಿಗೆ ಕಾಣುತ್ತಿತ್ತು.

ಬೇಸಿಗೆಯಲ್ಲಿ ಕೆಲಸ ನಡೆಯಿತು. ಹೊರಗೆ ಬೆಂಕಿಯಂಥ ಬಿಸಿಲು, ನಾನು ಚಳಿಗೆ ಗೋಡೆ ಕಟ್ಟಿಸುತ್ತಿದ್ದೆ. ಗಾರೆ ಮೇಸ್ತ್ರಿ ದಿನಕ್ಕೊಮ್ಮೆ ಕೇಳುತ್ತಿದ್ದ, "ಗಾಳಿ ಬರೋ ಕಡೀಗೇ ಗ್ವಾಡಿ ಯಾಕ್ರಿ ಅಕ್ಕಾರೆ?" ಅಂತ. ಕಪ್ಪು ಬಣ್ಣದ ಒರಟು ಕಲ್ಲನ್ನು ಆರಿಸಿದೆ. ಕಪ್ಪು ಬಿಸಿಲನ್ನು ಹೆಚ್ಚು ಹೀರುತ್ತದೆ. ಮೇಲೆ ಸಿಮೆಂಟ್ ಜಾಲಿ. ಬೆಂಚಿಗೆ ಒಳ್ಳೆಯ ಮರ ಬೇಕಿತ್ತು. ಅಪ್ಪನನ್ನು ಕೇಳಿದೆ. ಮುಚ್ಚಿದ ಗಿರಣಿಗಳ ಹಳೆಯ ಮರಮಟ್ಟು ದಾವಣಗೆರೆಯ ಗುಜರಿಯಲ್ಲಿ ಬಿದ್ದಿದೆ ಅಂತ ಅವರಿಗೆ ಗೊತ್ತಿತ್ತು. ಅಪ್ಪ ಬಹಳ ದಿನದ ಮೇಲೆ ಇಸ್ತ್ರಿ ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟರು. ರಾಶಿಯಲ್ಲಿ ಒಂದೊಂದು ತೊಲೆಯನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, "ಇದು ತೇಗ. ಇದು ಬ್ಯಾಡ, ಒಳಗ ಗೆದ್ದಲು ತಿಂದೈತೆ. ಇದು ತಗೋ" ಅಂತ ಆರಿಸಿದರು. ಗುಜರಿಯವನು ಅವರಿಗೆ ಮೋಸ ಮಾಡಲು ನೋಡಲಿಲ್ಲ. ಬಡಗಿಗೆ ಅವರೇ ನಿಂತು ಹೇಳಿದರು, ಹಲಗೆಗಳ ನಡುವೆ ಎಷ್ಟು ಸಂದು ಬಿಡಬೇಕು, ಅಂಚನ್ನು ಹೇಗೆ ಉರುಟು ಮಾಡಬೇಕು ಅಂತ. ಬೆಂಚು ಸಿದ್ಧವಾದ ದಿನ ಮೇಲೆ ಕೈಯಾಡಿಸಿ, "ಮಳಿ ಬಿದ್ರೂ ನೂರು ವರ್ಷ ಇರ್ತೈತೆ" ಅಂದರು. ಆ ದಿನ ಅವರು ಗಿರಣಿಯ ಮಾತನ್ನು ನೋವಿಲ್ಲದೆ ಆಡಿದರು.

ಮರದ ಕೆಳಗಿನ ಗ್ರಾನೈಟ್ ಬೆಂಚುಗಳನ್ನು ನಾನು ಕೀಳಿಸಲಿಲ್ಲ. ಬೇಸಿಗೆಗೆ ಅವು ಬೇಕಿದ್ದವು. ಹೊಸ ಗೋಡೆಯ ಮುಂದೆ ಎರಡು ಬಾಗೆ ಮರದ ಸಸಿ ನೆಡಿಸಿದೆ. ಬಾಗೆ ಚಳಿಗಾಲ ಕಳೆಯುವವರೆಗೆ ಎಲೆ ಉದುರಿಸಿಕೊಂಡು ಬರೀ ಕೊಂಬೆಗಳಲ್ಲಿ ನಿಲ್ಲುತ್ತದೆ, ಬಿಸಿಲನ್ನು ಬಿಡುತ್ತದೆ. ಬೇಸಿಗೆಗೆ ಮತ್ತೆ ಚಿಗುರಿ ನೆರಳು ಕೊಡುತ್ತದೆ. ಅವು ದೊಡ್ಡವಾಗಲು ವರ್ಷಗಳು ಬೇಕಾದವು, ಆದರೆ ಆದವು.

ಡಿಸೆಂಬರ್ ಬಂತು. ಮೊದಲ ವಾರ ನಾನು ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಎರಡನೆಯ ವಾರ ಒಂದು ಬೆಳಿಗ್ಗೆ ಅಮ್ಮ, ಅಪ್ಪ ಇಬ್ಬರನ್ನೂ ಕರೆದುಕೊಂಡು ಹೋದೆ. ಗೇಟಿನ ಹತ್ತಿರ ಬರುವಾಗಲೇ ಮಾತಿನ ಸದ್ದು ಕೇಳಿತು. ಹೊಸ ಗೋಡೆಯ ಮುಂದಿನ ಮರದ ಬೆಂಚುಗಳೆಲ್ಲ ತುಂಬಿದ್ದವು. ಸೊಪ್ಪಿನ ಹೆಂಗಸರು ಬುಟ್ಟಿ ಸಮೇತ ಬಂದು ಕೂತಿದ್ದರು. ಕಾರ್ಖಾನೆ ಬಸ್ಸಿಗೆ ಕಾಯುವವರು ಗೇಟಿನ ಕಡೆ ಒಂದು ಕಣ್ಣಿಟ್ಟು ಕೂತಿದ್ದರು. ಅಲ್ಲಿಂದ ರಸ್ತೆ ಕಾಣುವ ಹಾಗೆ ಬೆಂಚುಗಳನ್ನು ಇಟ್ಟಿದ್ದು ನಾನೇ, ಆದರೂ ಅದು ನಿಜವಾಗಿ ಕೆಲಸ ಮಾಡುತ್ತಿರುವುದನ್ನು ಗೇಟಿನಲ್ಲೇ ನಿಂತು ನೋಡಿದೆ. ಗೋದಾಮಿನ ಗೋಡೆಯ ಮುಂದೆ ಯಾರೂ ಇರಲಿಲ್ಲ. ಅಮ್ಮನಿಗೆ ಕೂರಲು ಜಾಗವಿರಲಿಲ್ಲ, ಅಪರಿಚಿತ ಹುಡುಗಿಯೊಬ್ಬಳು ಎದ್ದು ಬಿಟ್ಟುಕೊಟ್ಟಳು. ಅಮ್ಮ ಬೆನ್ನನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿದಳು. ಅವಳ ಬಾಯಿಂದ ಹೊಗಳಿಕೆ ಸುಲಭಕ್ಕೆ ಬರುವುದಲ್ಲ. "ನನ್ನ ಸೊಂಟ ನೋವಿಗೆ ಇದನ್ನ ಮನ್ಯಾಗೂ ಕಟ್ಟು" ಅಂದಳು.

ನಾನು ಲೆಕ್ಕಹಾಕದೇ ಇದ್ದದ್ದೂ ಒಂದು ಆಯಿತು. ಹಗಲೆಲ್ಲ ಬಿಸಿಲುಂಡ ಕಪ್ಪು ಕಲ್ಲು ಸೂರ್ಯ ಮುಳುಗಿದ ಮೇಲೂ ಒಂದು ಗಂಟೆ, ಒಂದೂವರೆ ಗಂಟೆ ಬೆಚ್ಚಗೇ ಇರುತ್ತಿತ್ತು. ಅದನ್ನು ಕಂಡುಕೊಂಡವರು ಅಕ್ಕಪಕ್ಕದ ಮನೆಗಳ ಅಜ್ಜಿಯರು. ಸಂಜೆ ಬಂದು ಬೆನ್ನು, ಮಂಡಿ ಗೋಡೆಗೆ ತಾಗಿಸಿಕೊಂಡು ಕೂರತೊಡಗಿದರು. ಅದಕ್ಕೆ ಬಿಸಿಲುಗೋಡೆ ಅಂತ ಹೆಸರಿಟ್ಟವರೂ ಅವರೇ. ಪಾರ್ಕಿಗೆ ವರ್ತಕರು ಇಟ್ಟಿದ್ದ ಉದ್ದನೆಯ ಹೆಸರು ಬೋರ್ಡಿನಲ್ಲೇ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಕರೂರಿಗೆ ಹೋಗಿ ಐಸ್ ಫ್ಯಾಕ್ಟರಿಯ ಹಿರಿಯ ಕೆಲಸಗಾರನನ್ನು ಒಂದು ಭಾನುವಾರ ಹರಿಹರಕ್ಕೆ ಕರೆತಂದೆ. ಆತ ಬೆಂಚಿನ ಮೇಲೆ ಕೂರುವ ಮೊದಲು ಅಂಗೈಯಿಂದ ಮರವನ್ನು ಮುಟ್ಟಿ ನೋಡಿದ, ಕಲ್ಲನ್ನು ಮುಟ್ಟಿ ನೋಡಿದ, ಜಾಲಿಯ ಕಡೆ ಕತ್ತೆತ್ತಿದ. ಆಮೇಲೆ ಕೂತು ಬೀಡಿ ತೆಗೆದ. ಗೀರಿದ ಕಡ್ಡಿ ಆರಲಿಲ್ಲ. ಅದನ್ನೇ ನೋಡುತ್ತ, "ಗಾಳಿ ಇಲ್ಲ" ಅಂದ. ಅಷ್ಟೇ. ಅಷ್ಟೇ ಸಾಕಾಗಿತ್ತು ನನಗೆ.

ಅದಾದ ಮುಂದಿನ ಚಳಿಗಾಲ ನಾನು ಯಾವುದೋ ಮನೆಯ ಕೆಲಸಕ್ಕೆ ಹರಿಹರಕ್ಕೆ ಹೋದವಳು ಪಾರ್ಕಿಗೂ ಹೋದೆ. ಬೇರೆ ಊರಿನಿಂದ ಬಂದ ಇಬ್ಬರು ಇಂಜಿನಿಯರುಗಳು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ತಮ್ಮ ಊರಿನಲ್ಲೂ ಇಂಥದ್ದು ಕಟ್ಟಿಸಬೇಕಂತೆ. ಲೇತಿನ ಅಜ್ಜ ಅವರ ನಡುವೆ ನಿಂತು ಎಲ್ಲ ವಿವರಿಸುತ್ತಿದ್ದರು: ಸೂರ್ಯ ಯಾವ ಮೂಲೆಯಿಂದ ಬರುತ್ತಾನೆ, ಜಾಲಿ ಯಾಕೆ, ಮರ ಯಾಕೆ, ಊದುಬತ್ತಿಯಿಂದ ಗಾಳಿ ಹಿಡಿಯುವುದು ಹೆಂಗೆ. ಬೆನ್ನು ನನ್ನ ಕಡೆಗಿತ್ತು, ನನ್ನನ್ನು ನೋಡಿರಲಿಲ್ಲ.

"ಇದನ್ನ ಯಾರು ಡಿಸೈನ್ ಮಾಡಿದ್ದು ಸರ್? ಬೆಂಗಳೂರಿನೋರಾ?" ಅಂತ ಒಬ್ಬ ಇಂಜಿನಿಯರ್ ಕೇಳಿದ.

"ಯಾಕ್ರಿ, ಬೆಂಗಳೂರಿನೋರೇ ಮಾಡಬೇಕೇನು?" ಅಂದರು ಅಜ್ಜ. "ನಮ್ಮ ದಾವಣಗೆರೆ ಹುಡುಗಿ. ಗಿರಣಿ ಕಾರ್ಮಿಕನ ಮಗಳು. ಒಮ್ಮೆ ತಪ್ಪು ಮಾಡಿದ್ಲು, ತಾನೇ ಬಂದು ಚಳಿಯಾಗ ಕೂತು ನೋಡಿ ಸರಿ ಮಾಡಿದ್ಲು. ಹಂಗ ಮಾಡೋರು ಎಷ್ಟು ಮಂದಿ ಅದಾರ್ರಿ?"

ನಾನು ಹತ್ತಿರ ಹೋಗಿ ನನ್ನ ಗುರುತು ಹೇಳಿಕೊಳ್ಳಲಿಲ್ಲ. ಬೆಂಚಿನ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಅಲ್ಲಿ ಕೂತು, ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಅವರ ಮಾತು ಮುಗಿಯುವವರೆಗೂ ಕೇಳಿದೆ.